ಬಕೆಟ್ಟಿಗೊಂದು ಹೆಸರು

ಮೊದಲು ಬಕೆಟ್ಟಿನ ಹೆಸರು ಕೇಳಿತು ಪರದೆ.
ಜಗತ್ತಿನಲ್ಲಿ ಇನ್ಯಾರೂ ಇಟ್ಟಿರಬಾರದು,
ದೊಡ್ಡಕ್ಷರ ಕೂಡದು, ನಡುವೆ ಜಾಗ ಬಿಡಕೂಡದು.
ಪರೇಲ್-ದವಾಖಾನೆ ಎಂದು ಒತ್ತಿದೆ. ಯಾರೋ ಇಟ್ಟುಕೊಂಡಿದ್ದಾರೆ.
ಎದೆ-ಚಿತ್ರ ಎಂದೆ. ಅದೂ ಹೋಗಿದೆ.

ನಮ್ಮ ಚಾಳಿನಲ್ಲಿ ಈ ತಕರಾರು ಇರಲಿಲ್ಲ.
ನಸುಕಿನ ನಾಲ್ಕೂವರೆಗೆ ನಳ ಕೆಮ್ಮುವ ಮೊದಲೇ
ಮೋರಿಯಿಂದ ಮೆಟ್ಟಿಲವರೆಗೆ ಸಾಲು:
ಕೆಂಪು ಪೇಂಟಿನಲ್ಲಿ ಶಿರ್ಸಾಟ್, ಖೋಲಿ ಹದಿನಾಲ್ಕು,
ನೀಲಿಯಲ್ಲಿ ಮಿಸ್ಕಿಟಾ,
ಹಸಿರಲ್ಲಿ ನಮ್ಮವ್ವ ಬರೆದದ್ದು ಒಂದೇ ಒಂದು ಅಕ್ಷರ: ಳ.
ಯಾಕವ್ವಾ ಅದು, ಅಂದರೆ
‘ಳದಿಂದ ಯಾರ ಹೆಸರೂ ಸುರುವಾಗೂದಿಲ್ಲ,
ಅದಕ್ಕ ಅದು ನಮ್ಮದು’ ಅಂತಿದ್ದಳು.

ಇಂಗ್ಲಿಷಿನಲ್ಲಿ ಳ ಬರೆಯಲು ಬಾರದು.
ದವಾಖಾನೆಯ ಬಾಲಕ್ಕೆ ನಮ್ಮ ಖೋಲಿಯ ನಂಬರು ಕಟ್ಟಿದೆ.
ಒಪ್ಪಿಕೊಂಡಿತು.

ಯಾವ ಪ್ರದೇಶ?
ಪಟ್ಟಿಯಲ್ಲಿ ಟೋಕಿಯೋ, ಫ್ರಾಂಕ್‌ಫರ್ಟ್, ಮುಂಬೈ.
ಮುಂಬೈ ಒತ್ತಿದ್ದು ನೋಡಿ ಘೋಗಳೆ ಕಾಕಾ ಕನ್ನಡಕ ಏರಿಸಿದರು.
‘ಅಂದರೆ ಮೋಡ ಇಲ್ಲೇ?
ಹಾಗಾದರೆ ಮೆಟ್ಟಿಲ ಕೆಳಗಿಟ್ಟರೇನು?’

ಮೆಟ್ಟಿಲ ಕೆಳಗೂ ಒಂದು ಡಿಸ್ಕಿದೆ,
ಬಿಸ್ಕಿಟ್ ಡಬ್ಬಿಯಷ್ಟು, ಇಟ್ಟಿಗೆಯ ಮೇಲೆ ಕೂತಿದೆ.
ಅದರ ಹಿಂದೆ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಕಂದು ಗೆರೆ,
ಯಾವುದೋ ಜುಲೈ ಬಿಟ್ಟುಹೋದದ್ದು.
ಗೆರೆ ತೋರಿಸಿದೆ. ಅವರು ಮಾತಾಡಲಿಲ್ಲ.
ಆ ವರ್ಷ ಒದ್ದೆ ಫಿಲ್ಮುಗಳಿಗೆ ಕ್ಲಿಪ್ಪು ಹಾಕಿ
ಹಗ್ಗದಲ್ಲಿ ಒಣಗಿಸಿದವರು ಅವರೇ.
ರೋಗಿಗಳ ಬೆಂಚಿನ ಮೇಲೆ ಹದಿನೈದು ದಿನ
ಪಕ್ಕೆಲುಬುಗಳು ತೊಟ್ಟಿಕ್ಕಿದವಂತೆ.

ಹಾದಿ ಬರೆಯಬೇಕು:
ವರ್ಷ, ಓರೆಗೆರೆ, ತಿಂಗಳು, ಓರೆಗೆರೆ, ಸಂಖ್ಯೆ.
ಕಾಕಾರ ಹಾದಿ ಬೇರೆ.
‘ಮುಷ್ಕರದ ವರ್ಷದವರು ಮೂರನೇ ಕಪಾಟು, ಕೆಳಗೆ.
ಹತ್ತಿ ಹಿಂಜುವ ಖಾತೆಯವರು ಕಿಟಕಿ ಕಡೆ.
ವರದಿ ಒಯ್ಯಲು ಮತ್ತೆ ಬಾರದವರು…’
ಬೆರಳು ಮೇಲಕ್ಕೆ ಹೋಯಿತು.
ಅಟ್ಟ, ಎಂದು ಬರೆದುಕೊಂಡೆ.

ಹೆಸರು ತೆಗೆಯಬೇಕು, ನಿಯಮ.
ಫಿಲ್ಮಿನ ಮೂಲೆಯ ಬಿಳಿ ಶಾಯಿ ಕತ್ತರಿಸಿ
ಉಳಿದ ಎದೆಗೆ ಒಂದು ಅಂಕಿ.
ಬಕೆಟ್ಟಿಗೆ ಅಷ್ಟೆಲ್ಲ ಹುಡುಕಾಡಿದ ಬೆರಳುಗಳೇ
ಇಲ್ಲಿ ಒಂದೊಂದಾಗಿ ಅಳಿಸುತ್ತ ಹೋದವು,
ಗಣಪತ್, ಮಹಾದೂ, ಬೀಬಿಜಾನ್.

ಆಮೇಲೆ ಕೀಲಿ. ನಲವತ್ತು ಅಕ್ಷರ.
ಒಮ್ಮೆ ಮಾತ್ರ ತೋರಿಸುತ್ತೇನೆ, ಆಮೇಲೆ ಕೇಳಬೇಡ, ಎಂಬ ಎಚ್ಚರಿಕೆ.
ಕಾಕಾ ಉಡಿದಾರಕ್ಕೆ ಕಟ್ಟಿದ್ದ ಕಪಾಟಿನ ಕೀಲಿ ಬಿಚ್ಚಿ
ಕೀಬೋರ್ಡಿನ ಪಕ್ಕ ಇಟ್ಟರು. ಶುಕ್ರವಾರ ಅವರ ಕೊನೆಯ ದಿನ.

ಇಟ್ಟವರು ಒಂದು ಫಿಲ್ಮು ಎತ್ತಿ ಕಿಟಕಿಗೆ ಹಿಡಿದರು.
ಬಲಗಡೆ, ಎಲುಬಿನ ಸಂದಿಯಲ್ಲಿ, ಬೆಳ್ಳಗೆ ಏನೋ ಕವಿದಿತ್ತು.
‘ಡಾಕ್ಟರು ಇದಕ್ಕೂ ಮೋಡ ಅಂತಲೇ ಅನ್ನುತ್ತಿದ್ದರು.
ಇದೊಂದು ಮೇಲೆ ಹೋಗುವುದು ಬೇಡ. ಇಲ್ಲೇ ಇರಲಿ.’
ಯಾರದು ಎಂದು ಕೇಳಲಿಲ್ಲ.
ಮೂಲೆಯ ಹೆಸರಿನ ಮೇಲೆ ಅವರ ಹೆಬ್ಬೆರಳಿತ್ತು.

ಸಂರಚನೆಯಲ್ಲಿ ಒಂದು ಸಾಲು ಸೇರಿಸಿದೆ:
ಎಲ್ಲವೂ ಬಕೆಟ್ಟಿಗೆ;
೧೧೪೭ ಆದರೆ, ಮೆಟ್ಟಿಲ ಕೆಳಗೆ.

ಸೋಮವಾರ ಪುಣೆಯ ಕಚೇರಿಯವರು ಓದುತ್ತಾರೆ,
ಒಂದು ಕಡತಕ್ಕೊಂದು ಸಾಲೇ, ಯಾರು ಕಲಿಸಿದರು ಇದನ್ನು, ಎನ್ನುತ್ತಾರೆ.
ಕಾರಣ ಬರೆಯಲು ಸಾಲಿನ ಪಕ್ಕ ಜಾಗವಿದೆ.
ಅಲ್ಲಿ ಕನ್ನಡ ಬರುತ್ತದೆ.
ಳ, ಎಂದು ಬರೆದೆ.

ಆಮೇಲೆ ಇಬ್ಬರೂ ಟಾರ್ಚು ಹಿಡಿದು ಇಳಿದುಹೋಗಿ
ಡಿಸ್ಕಿನ ಕೆಳಗೆ ಇನ್ನೆರಡು ಇಟ್ಟಿಗೆ ಕೊಟ್ಟೆವು.
ಗೆರೆ ಇನ್ನೂ ಮೇಲೇ ಇತ್ತು.