ಟವೆಲಿನ ಮೂಲೆ

ಐದು ತಿಂಗಳ ಹುಲಿಗೆಮ್ಮನ ಮುಂದೆ ಚೆಂಡಿಟ್ಟು
ಮೇಲೊಂದು ಟವೆಲ್ ಹಾಕಿದೆ.
ಮುಗೀತು. ಚೆಂಡು ಲೋಕದಲ್ಲೇ ಇಲ್ಲ.
ತಿರುಗಿ ತನ್ನ ಕಾಲ್ಬೆರಳು ಹಿಡಿದಳು,
ಅಳಲೂ ಇಲ್ಲ.

ಹಟ್ಟಿಯ ಕ್ಯಾಂಪಿನಲ್ಲಿ ಸೈರನ್ ಕೂಗಿದರೆ
ಅವಳಪ್ಪ ಅಮರೇಶ ಟೋಪಿಗೆ ದೀಪ ಸಿಕ್ಕಿಸಿ
ಶಾಫ್ಟಿಗೆ ಇಳಿಯುವ ಹೊತ್ತು.
ಬಾಗಿಲ ಪರದೆ ಅಲ್ಲಾಡಿ ನಿಂತಿತೋ
ಅವಳಿಗೆ ಅಪ್ಪನೂ ಇಲ್ಲ.
ನನಗೆ ಹೊಟ್ಟೆಕಿಚ್ಚು.
ಒಲೆ ಮುಂದೆ, ನಲ್ಲಿ ಮುಂದೆ, ಎಂಟು ತಾಸು
ನಾನು ಅವನನ್ನು ಹಿಡಿದುಕೊಂಡೇ ಇರಬೇಕು,
ಬಿಟ್ಟರೆ ಎಲ್ಲಿ ಬೀಳುತ್ತಾನೋ ಎಂಬಂತೆ.

ಒಂಬತ್ತನೇ ತಿಂಗಳಲ್ಲಿ, ಒಂದು ಮಂಗಳವಾರ,
ಟವೆಲಿನ ಮೂಲೆ ಹಿಡಿದು ಎಳೆದಳು.
ಚೆಂಡು ಅಲ್ಲೇ ಇತ್ತು!
ಹಲ್ಲಿಲ್ಲದ ಬಾಯಿ ತುಂಬ ನಗು.
ಅಂದೇ, ರಾತ್ರಿ ಪಾಳಿಗೆ ಅಪ್ಪ ಹೊಸ್ತಿಲು ದಾಟಿದ್ದೇ ತಡ
ಎದೆ ಒಡೆಯುವಂತೆ ಅತ್ತಳು.
ಅತ್ತೆ ಯಂಕಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿದರು.
ದೃಷ್ಟಿಯಲ್ಲ ಅತ್ತಿ, ಅಂದೆ,
ಇವಳಿಗೂ ಗೊತ್ತಾಯಿತು, ಅಷ್ಟೇ.

ಮೂರು ತುಂಬಿದಾಗ ಬಚ್ಚಲ ಮೋರಿಗೆ ಬಾಯಿಟ್ಟು
ಕೆಳಗೆ ಕೂಗುವಳು: "ಅಪ್ಪಾ, ಉಂಡಿಯೇನ?"
ಉತ್ತರ ಬಂತೆಂದು ಹೇಳುವಳು.
ಅದಕ್ಕೂ ಮೊದಲಿನ ವರ್ಷ ಎಲ್ಲಕ್ಕೂ "ಒಲ್ಲೆ",
ರೊಟ್ಟಿ ಒಲ್ಲೆ, ಲಂಗ ಒಲ್ಲೆ,
ಒಲ್ಲೆ ಅನ್ನುವಾಗ ಬಾಯ್ತುಂಬ ರೊಟ್ಟಿ.

ನಾಲ್ಕೂವರೆಗೆ ಮೊದಲ ಸುಳ್ಳು.
ಬೆಲ್ಲ ತಿಂದದ್ದು ಬೆಕ್ಕಂತೆ;
ಗದ್ದಕ್ಕೆ ಇನ್ನೂ ಅಂಟಿದೆ ಬೆಲ್ಲ.
ಬೈದೆ. ಬೈಯುತ್ತಲೇ ಬೆಚ್ಚಿದೆ:
ನನ್ನ ತಲೆಯೊಳಗೆ ಏನಿದೆ, ಏನಿಲ್ಲ
ಲೆಕ್ಕ ಹಾಕಿದ್ದಾಳೆ ಈ ಪೋರಿ.
ತನ್ನದು ನನಗೆ ಕಾಣುವುದಿಲ್ಲವೆಂದೂ.

ಹದಿನಾಲ್ಕಕ್ಕೆ ಚಿಲಕ ಹಾಕಿಕೊಂಡಳು.
ಒಳಗೆ ರೇಡಿಯೋ, ಕನ್ನಡಿ, ಯಾರದೋ ಹೆಸರು.
ಹೊರಗೆ ನಾನು, ಕೈಯಲ್ಲಿ ಚಹಾ.
ಎಳೆಯಲು ಮೂಲೆಯೇ ಇರದ ಬಾಗಿಲು.
ಚಹಾ ಆರಿತು, ನಾನೇ ಕುಡಿದೆ.

ಈಗ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ನರ್ಸು,
ಸೊಂಟದ ಮೇಲೆ ತನ್ನದೇ ಒಂದು ಕೂಸು.
ಅಪ್ಪ ನಿವೃತ್ತನಾಗಿ ಎರಡು ವರ್ಷ.
ಆದರೂ ಪಾಳಿ ಬಿಡುವ ಹೊತ್ತಿಗೆ ಫೋನು:
"ಬಂದನೇನವ್ವ?"
ಎಲ್ಲಿಂದ ಬರಬೇಕ, ಮನ್ಯಾಗೇ ಅದಾನ, ಅನ್ನುತ್ತೇನೆ.
ಹೌದಲ್ಲ, ಎಂದು ನಗುತ್ತಾಳೆ,
ನಕ್ಕು ಒಂದು ಕ್ಷಣ ಸುಮ್ಮನಾಗುತ್ತಾಳೆ.

ಫೋನಿಟ್ಟು ಅಂಗಳಕ್ಕೆ ಬರುತ್ತೇನೆ.
ಮಂಚದ ಮೇಲೆ ಮಲಗಿದ್ದಾನೆ,
ನೊಣ ಕೂರದಂತೆ ಮುಖದ ಮೇಲೆ ಟವೆಲು.
ಉಸಿರಿಗೆ ಬಟ್ಟೆ ಏಳುತ್ತದೆ, ಇಳಿಯುತ್ತದೆ, ಕಾಣುತ್ತಲೇ ಇದೆ.
ಆದರೂ ಬಗ್ಗಿ
ಒಂದು ಮೂಲೆ ಎತ್ತುತ್ತೇನೆ.