ಕೊನೆಯ ಅಂಕಿ ಎಂಟು

ನಂಬರ್ ಪ್ಲೇಟಿನ ಕೊನೆಯ ಅಂಕಿ ಎಂಟು,
ಹಾಗಾಗಿ ಆಗಸ್ಟ್.
ಐಸ್‌ಲ್ಯಾಂಡಿನಲ್ಲಿ ಕಾರಿನ ಜಾತಕ ಇಷ್ಟು ಸರಳ.

ಹತ್ತು ದಿನ ಮೊದಲೇ ಬಾನೆಟ್ ಎತ್ತಿ
ಒರೆಸಬೇಕಾದ್ದು ಒರೆಸಿದೆ, ಬೇಡದ್ದೂ ಒರೆಸಿದೆ.
ಆಷ್‌ಟ್ರೇ ತೊಳೆದೆ.
ಆಷ್‌ಟ್ರೇ ಯಾರೂ ನೋಡುವುದಿಲ್ಲ, ಗೊತ್ತು.
ಹೆಣ್ಣು ನೋಡಲು ಬಂದವರು ಹಿತ್ತಲು ನೋಡುತ್ತಾರೆಯೇ?
ಆದರೂ ಅಮ್ಮ ಹಿತ್ತಲು ಗುಡಿಸುತ್ತಿದ್ದಳು.

ಕಾರು ಸ್ಟೇನುನ್ ಅಜ್ಜಿಯದು,
ನಾನು ಗಂಜಿ ಬೇಯಿಸುವ ವೃದ್ಧಾಶ್ರಮದ
ಏಳನೇ ಕೋಣೆಯವಳು.
ನಾಲ್ಕು ಚಳಿಗಾಲದ ಟಯರುಗಳ ಬೆಲೆಗೆ ಕೊಟ್ಟಳು,
ಟಯರು ಸೇರಿಸಿ.
ಅಂದರೆ ಕಾರು ಪುಕ್ಕಟೆ, ಅಂದೆ ನಾನು.
ಅಲ್ಲ, ಟಯರು ಪುಕ್ಕಟೆ, ಅಂದಳು ಅವಳು.
ಈಗ ನನ್ನ ಹೆಸರು ಮರೆತಿದ್ದಾಳೆ.
ರಿವರ್ಸ್ ಹಾಕುವಾಗ ಗೇರು ಕೊಂಚ ಮೇಲೆತ್ತಬೇಕು
ಎಂಬುದು ಮರೆತಿಲ್ಲ.

ಸ್ಕೋದುನ್ ಎನ್ನುತ್ತಾರೆ ಇಲ್ಲಿ, ತಪಾಸಣೆಗೆ.
ನಿಘಂಟು ತೆಗೆದರೆ ಅದೇ ಪದಕ್ಕೆ
ಅಭಿಪ್ರಾಯ ಅಂತಲೂ ಇದೆ.
ನೀಲಿ ಮೇಲಂಗಿಯ ಥೋರ್‌ಗ್ರೀಮುರ್
ಕಾರನ್ನು ಮೇಲಕ್ಕೇರಿಸಿ, ಅಡಿಗೆ ಹೋಗಿ ನಿಂತು,
ಪುಟ್ಟ ಸುತ್ತಿಗೆಯಿಂದ
ಅಭಿಪ್ರಾಯಪಡತೊಡಗಿದ.

ಟಣ್. ಟಣ್. ಟಣ್.
ಆಮೇಲೊಮ್ಮೆ, ಬಲಗಡೆ, ಹಿಂದಿನ ಚಕ್ರದ ಬಳಿ
ದೊಪ್.

ಕೈಬೀಸಿ ಕರೆದ. ನಾನೂ ಹೋಗಿ ನಿಂತೆ.
ಐದು ವರ್ಷ ಓಡಿಸಿದ ಕಾರಿನ ಹೊಟ್ಟೆಯನ್ನು
ಅವತ್ತೇ ನೋಡಿದ್ದು.
ಹಪ್ಪಳದಂತೆ ಎದ್ದಿತ್ತು ತುಕ್ಕು.
ಬೆರಳು ಸೋಕಿದರೆ ಉದುರಿತು:
ಕಡಲ ಉಪ್ಪು, ರಸ್ತೆಯ ಉಪ್ಪು,
ನಾನು ಬರುವ ಮೊದಲಿನ ಯಾರದೋ ಚಳಿಗಾಲ.
ಉಪಮೆ ಬೇಡ, ಎಂದುಕೊಂಡೆ.
ಪರದೇಶದಲ್ಲಿ ಹಳತಾಗುವುದರ ಬಗ್ಗೆ
ಈಗ ಏನೂ ಹೊಳೆಯುವುದು ಬೇಡ,
ವೆಲ್ಡಿಂಗಿಗೆ ಎಷ್ಟಾದೀತು, ಅಷ್ಟು ಹೊಳೆದರೆ ಸಾಕು.

ಒಂದು ತಿಂಗಳು, ಎಂದ. ಗಡುವಿನ ಚೀಟಿ ಅಂಟಿಸಿದ,
ಮನೆಗೆ ಜಪ್ತಿ ನೋಟೀಸು ಹಚ್ಚುವವನ ಹಾಗಲ್ಲ,
ಗಾಯಕ್ಕೆ ಪಟ್ಟಿ ಹಚ್ಚುವವನ ಹಾಗೂ ಅಲ್ಲ,
ಸುಮ್ಮನೆ, ಚೀಟಿ ಅಂಟಿಸುವವನ ಹಾಗೆ.

ಮೀನು ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ,
ರಾತ್ರಿ ಪಾಳಿ ಇಲ್ಲದ ದಿನ,
ವೆಲ್ಡಿಂಗ್ ಮಾಡುತ್ತಾನೆ ಪೋಲೆಂಡಿನ ಬೊಗುಸ್ವಾಫ್.
ಈ ಊರ ಮಾತಿನಲ್ಲಿ ಅವನು ಕುಂಟುತ್ತಾನೆ,
ನಾನು ತೆವಳುತ್ತೇನೆ,
ಆದರೂ ಇಬ್ಬರೂ ಬೇಗ ತಲುಪಿದೆವು ವಿಷಯಕ್ಕೆ:
ತುಕ್ಕು. ಇಷ್ಟು. ಇಲ್ಲಿಂದ. ಇಲ್ಲಿಗೆ. ನಾಳೆ.
ಕ್ರಿಯಾಪದ ಯಾರಿಗೂ ಬೇಕಾಗಲಿಲ್ಲ.
ಕಿಡಿ ಹಾರುವಾಗ, ಆಚೆ ನೋಡು, ಎಂದು ಸನ್ನೆ ಮಾಡಿದ.
ಆಚೆ ಒಂಬತ್ತೂವರೆಗೂ ಆರದ ಬೆಳಕು,
ಅಲುಗದ ನೀರು, ಬಾಲ ಎತ್ತಿದ ಒಂದು ದೋಣಿ.
ಬೆನ್ನ ಹಿಂದೆ ಯಾರೋ ನನ್ನ ಕಾರನ್ನು
ಹುರಿಯುತ್ತಿರುವ ಸದ್ದು.

ದುಡ್ಡು ಪೂರ್ತಿ ತೆಗೆದುಕೊಂಡ, ಎಣಿಸಿಯೇ ತೆಗೆದುಕೊಂಡ.
ಹೊರಡುವಾಗ ಎಲ್ಲಿಂದಲೋ ಒಂದು ವೈಪರ್ ತಂದು
ಸಿಕ್ಕಿಸಿದ. ಕೇಳಿರಲಿಲ್ಲ.

ಮತ್ತೆ ಥೋರ್‌ಗ್ರೀಮುರ್, ಮತ್ತೆ ಸುತ್ತಿಗೆ.
ಟಣ್. ಟಣ್.
ಆ ಜಾಗಕ್ಕೆ ಬಂದಾಗ ಉಸಿರು ಬಿಗಿಹಿಡಿದೆ.
ಅವನೂ ಹಿಡಿದನೋ ಏನೋ.
ಟಣ್.

ಬ್ಲೇಡಿನಿಂದ ಚೀಟಿ ಕೆರೆದ.
ಅದರಡಿ ಹಿಂದಿನ ವರ್ಷಗಳ ಗೋಂದು,
ಎಷ್ಟು ಕೆರೆದರೂ ಪೂರ್ತಿ ಹೋಗದ್ದು.
ಅದರ ಮೇಲೇ ಹೊಸದನ್ನಿಟ್ಟು
ಹೆಬ್ಬೆರಳಿನಲ್ಲಿ ಒತ್ತಿದ.

ಬೆಳಿಗ್ಗೆ ಗಂಜಿಯ ಬಟ್ಟಲು ಇಡುವಾಗ
ಸ್ಟೇನುನ್ ಕೇಳಿದಳು: ಕಾರು ಏನಾಯಿತು?
ಪಾಸಾಯಿತು, ಅಂದೆ.
ಅವನ ಅಭಿಪ್ರಾಯ ಏನಂತೆ?
ಇನ್ನೊಂದು ವರ್ಷ ಓಡುತ್ತದಂತೆ.
ಚಮಚ ಎತ್ತಿಕೊಂಡವಳು ತಡೆದಳು:
ರಿವರ್ಸ್ ಹಾಕುವಾಗ...
ಮೇಲೆತ್ತಬೇಕು, ಅಂದೆ.
ಹ್ಞಾಂ, ಅಂದಳು. ಉಣ್ಣತೊಡಗಿದಳು.

ನಾಳೆಯೂ ಕೇಳುತ್ತಾಳೆ.
ನಾಳೆಯೂ ಪಾಸಾಗುತ್ತದೆ.