ಅದೇ ಹೆಸರು

ಬಂಡಾಬರ್ಗಿನ ಈಜುಕೊಳದ ಅಂಚಲ್ಲಿ
ಮೂವತ್ತೊಂಬತ್ತು ಬೇಸಿಗೆ
ಸೀಟಿ ಊದುತ್ತ ನಿಂತವಳು ನೊರೀನ್.
ಆಗೆಲ್ಲ ಎಣ್ಣೆ ಸವರಿಕೊಂಡು
ಬಿಸಿಲಲ್ಲಿ ಹದವಾಗಿ ಬೇಯುವುದೇ ಚಂದ.

ಈಗ ಹಣೆಯಲ್ಲಿ, ಮೂಗಿನ ಏಣಿನಲ್ಲಿ
ಕಣ್ಣಿಗಿಂತ ಬೆರಳಿಗೇ ಹೆಚ್ಚು ತಿಳಿಯುವ ಒರಟು,
ಸವೆದ ಉಪ್ಪುಕಾಗದ.
‘ಕ್ಯಾನ್ಸರಲ್ಲ, ಆಗದಿರಲಿ ಅಂತ’
ಡಾಕ್ಟರು ಬರೆದುಕೊಟ್ಟರು ಒಂದು ಟ್ಯೂಬು.
ದಿನಕ್ಕೆರಡು ಸಲ, ಮೂರು ವಾರ. ಕೈಗವಸು ಮರೆಯಬೇಡಿ.

ಅಂಗಡಿಯ ಹುಡುಗಿ ಓದುವ ಮೊದಲೇ
ಆ ಉದ್ದನೆಯ ಹೆಸರು ನೊರೀನಳ ಬಾಯಿಗೆ ಬಂತು,
ಒಂದಕ್ಷರ ತಪ್ಪದೆ.
ಕೆಲ್ವಿನ್ನನ ಕರುಳಿಗೆಂದು
ಆರು ತಿಂಗಳು ಕಂಬದಲ್ಲಿ ತೂಗಿದ ಚೀಲದ ಮೇಲೆ
ಅದೇ ಇತ್ತು.
ತೊಟ್ಟು ಎಣಿಸುತ್ತ ಎಣಿಸುತ್ತ ಬಾಯಿಪಾಠ.

ಎರಡನೇ ವಾರ ಮುಖ ಹೊತ್ತಿಕೊಂಡಿತು.
ಬಿಸಿಲು ಬಚ್ಚಿಟ್ಟ ಕಡೆಯೆಲ್ಲ
ಮುಲಾಮು ಕೆಂಪಗೆ ಗುರುತು ಹಾಕಿತು:
ಇದು ಮಕ್ಕಳ ಪಂದ್ಯದ ದಿನದ್ದು,
ಇದು ದೋಣಿಯಲ್ಲಿ ಟೋಪಿ ಹಾರಿದಾಗಿನದು,
ಕಿವಿಯ ಹಿಂದಿನದು ಯಾವುದೋ, ನೆನಪಿಲ್ಲ.
ಬೇಕರಿಯಲ್ಲಿ ಜನ ಬ್ರೆಡ್ಡನ್ನೇ ನೋಡಿದರು.

ರಾತ್ರಿ, ಉರಿಗೆ ನಿದ್ದೆಯಿಲ್ಲದೆ,
ಟ್ಯೂಬಿಗೆ ಬೈದಳು:
‘ಅವನೊಳಗೆ ಅಷ್ಟು ಕೆಲಸ ಬಿದ್ದಿತ್ತಲ್ಲ,
ಆಗೆಲ್ಲಿ ಸತ್ತಿದ್ದೆ?
ನನ್ನ ಮೂಗಿನ ಮೇಲೆ ಮಾತ್ರ ಬಲು ಜೋರು!’
ಬೈದಾದ ಮೇಲೆ ಕೈಗವಸು ಹಾಕಿ
ಮೂಗಿನ ತುದಿಗೆ ಇನ್ನಷ್ಟು ಸವರಿದಳು.

ಹಕ್ಕಳೆ ಉದುರಿತು. ಕೆಳಗೆ
ಯಾರ ಪರಿಚಯವೂ ಇಲ್ಲದ ಎಳೆ ಚರ್ಮ.
ಕೆಲ್ವಿನ್ನನ ಅಗಲಂಚಿನ ಟೋಪಿ
ಅವಳ ತಲೆಗೆ ದೊಡ್ಡದು,
ಕಿವಿಯವರೆಗೂ ಇಳಿಯುತ್ತದೆ.
ಇಳಿಯಲಿ ಎಂದು ಹಾಕಿಕೊಂಡೇ
ಕೊಳದ ಕಡೆ ಹೊರಟಳು.